ಆಂಗ್ಲಭಯಮೀಮಾಂಸೆ

ಇಂಗ್ಲಿಷರು ಅರ್ಧ ಲೋಕವನ್ನು ಹೆದರಿಸಿ ಆಳಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಹೆದರಿಸಲು ಬೇಕಾದ ಪದಸಾಮಗ್ರಿ ಅವರಿಗೆ ಎಲ್ಲಿಂದ ಒದಗಿತು ಎಂಬುದನ್ನು ವಿದ್ವಾಂಸರು ತಕ್ಕ ಗಾಂಭೀರ್ಯದಿಂದ ವಿಚಾರಿಸಿಲ್ಲವಾದ್ದರಿಂದ ಆ ಭಾರ ನಮ್ಮ ಬಡ ಹೆಗಲಿಗೆ ಬಿದ್ದಿದೆ. ಸಿದ್ಧಾಂತವನ್ನು ಮೊದಲೇ ಸೂತ್ರವಾಗಿ ಹೇಳಿಬಿಡುತ್ತೇವೆ: ಇಂಗ್ಲಿಷಿನಲ್ಲಿ ಬೆದರಿಕೆ ಸ್ವದೇಶಿ, ಅಪಾಯ ಆಮದು.

ವ್ಯಾಖ್ಯಾನ. ‘ಥ್ರೆಟ್’ ಅಪ್ಪಟ ಹಳೆಯ ಇಂಗ್ಲಿಷಿನ ಕೂಸು. ಆ ಕಾಲದಲ್ಲಿ ಅದಕ್ಕೆ ಜನರ ಗುಂಪು, ದಬ್ಬಾಳಿಕೆ ಎಂಬ ಅರ್ಥಗಳಿದ್ದವು. ‘ವಾರ್ನ್’ ಕೂಡ ಮನೆಮಗುವೇ. ಅಂದರೆ ಇನ್ನೊಬ್ಬರಿಗೆ ಕೊಡತಕ್ಕ ಪದಗಳು ಸ್ವಂತ ಹಿತ್ತಲಲ್ಲೇ ಬೆಳೆದವು. ತಾವೇ ಉಣ್ಣಬೇಕಾದ ಪದಗಳನ್ನು ನೋಡಿ. ‘ಪೆರಿಲ್’ ಲ್ಯಾಟಿನ್ನಿನದು. ‘ಅಲಾರಂ’ ಎಂದರೆ ಆಯುಧ ಹಿಡಿಯಿರೆಂದು ಇಟಲಿಯ ಸೈನಿಕರು ಹಾಕುತ್ತಿದ್ದ ಕೂಗು. ‘ಹಜಾರ್ಡ್’ ದಾಳದ ಆಟದ ಹೆಸರು, ‘ಜೆಪರ್ಡಿ’ ಸೋಲು ಗೆಲುವು ಸಮಸಮ ನಿಂತ ಆಟಕ್ಕೆ ಫ್ರೆಂಚರಿಟ್ಟ ಹೆಸರು. ಎರಡೂ ಜೂಜುಕಟ್ಟೆಯಿಂದ ಎದ್ದುಬಂದವು; ವಿಮೆಯವರಿಗೆ ಈ ಬಗೆಯ ಪದಗಳ ಮೇಲಿರುವ ಮಮತೆ ಅಕಾರಣವಲ್ಲ. ವಿಮಾನ ಆಪತ್ತಿಗೆ ಸಿಕ್ಕಾಗ ಪೈಲಟ್ ಮೂರು ಸಲ ಕೂಗುವ ‘ಮೇಡೇ’ ಕೂಡ ‘ನೆರವಾಗಿ’ ಎಂಬ ಫ್ರೆಂಚ್ ಮೊರೆಯೇ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಪ್ಯಾರಿಸ್ಸಿಗೆ ಹೆಚ್ಚು ವಿಮಾನಗಳು ಹಾರುತ್ತಿದ್ದವೆಂದು ಅಲ್ಲಿನ ರೇಡಿಯೋ ಅಧಿಕಾರಿ ಆರಿಸಿಕೊಟ್ಟದ್ದು. ಪ್ರಾಣ ಹೋಗುವ ಹೊತ್ತಿಗೂ ಕಡ ತಂದ ಮಾತು!

‘ಡೇಂಜರ್’ ಬಳಿ ಸ್ವಲ್ಪ ತಂಗಬೇಕು. ಇದರ ಮೂಲ ಲ್ಯಾಟಿನ್ನಿನ ‘ಡೊಮಿನಸ್’, ಎಂದರೆ ಒಡೆಯ. ಹಳೆಯ ಫ್ರೆಂಚಿನಲ್ಲಿ ಅದು ಒಡೆಯನ ಅಧಿಕಾರವಾಗಿ, ಅವನ ಮುಷ್ಟಿಯಾಗಿ ಇಂಗ್ಲೆಂಡಿಗೆ ಬಂತು. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದಲ್ಲಿ ಪೋರ್ಷಿಯಾ ಈ ಪದ ಬಳಸುವಾಗ ಆಂಟೋನಿಯೋ ಷೈಲಾಕನ ಹಿಡಿತಕ್ಕೆ ಸಿಕ್ಕಿದ್ದಾನೆಂಬ ಆ ಹಳೆಯ ಅರ್ಥವೇ ಅವಳ ಮನಸ್ಸಿನಲ್ಲಿರುವುದು. ಆದಕಾರಣ ನಮ್ಮ ಕಚೇರಿಗಳಲ್ಲಿ ಗುಮಾಸ್ತರು ಕಡತದ ಮರೆಯಲ್ಲಿ ಪಿಸುಗುಟ್ಟುವ ‘ಇವತ್ತು ಸಾಹೇಬ್ರು ಡೇಂಜರು ಕಣಯ್ಯ’ ಎಂಬ ವಾಕ್ಯ ನಿರುಕ್ತದ ಪ್ರಕಾರ ಪರಮಶುದ್ಧ. ವೋಲ್ಟೇಜಿಗೆ ಆ ಪದ ಬಳಸುವುದು ಗೌಣಪ್ರಯೋಗ.

ಪೂರ್ವಪಕ್ಷ: ಹಾಗಾದರೆ 1066ರಲ್ಲಿ ನಾರ್ಮನ್ನರು ಬರುವ ಮುನ್ನ ಇಂಗ್ಲೆಂಡಿನಲ್ಲಿ ಅಪಾಯವೇ ಇರಲಿಲ್ಲವೋ? ವೈಕಿಂಗರು ಹಡಗು ಕಟ್ಟಿಕೊಂಡು ಬರುತ್ತಿದ್ದದ್ದು ಬೀಗರೂಟಕ್ಕೋ? ಸಮಾಧಾನ: ಇತ್ತು, ಅದಕ್ಕೊಂದು ಪದವೂ ಇತ್ತು. ಅದೇ ಇಂದಿನ ‘ಫಿಯರ್’. ಆಗ ಅದಕ್ಕೆ ಹಠಾತ್ತನೆ ಬಂದೆರಗುವ ಆಪತ್ತು ಎಂದೇ ಅರ್ಥ. ಜರ್ಮನ್ನಿನಲ್ಲಿ ಅದರ ದಾಯಾದಿ ‘ಗೆಫಾರ್’ ಈಗಲೂ ಅಪಾಯವೇ. ಇಂಗ್ಲಿಷಿನಲ್ಲಿ ಮಾತ್ರ ಬಾಗಿಲಾಚೆ ನಿಂತಿದ್ದ ಆಪತ್ತು ಕ್ರಮೇಣ ಒಳಗೆ ಬಂದು ಎದೆಯಲ್ಲಿ ಕೂತು ಭಯವಾಯಿತು. ಹೊರಗೆ ತೆರವಾದ ಜಾಗಕ್ಕೆ ಫ್ರೆಂಚ್ ಪದಗಳು ಸಾಲುಗಟ್ಟಿದವು. ‘ಹಾರ್ಮ್’ ಕೂಡ ಸ್ವಂತದ್ದಲ್ಲವೇ ಎಂದು ಕೇಳುವ ತುಂಟರನ್ನು ಮುಂದಿನ ಸಂಪುಟಕ್ಕೆ ಕಳಿಸಲಾಗಿದೆ.

ಇನ್ನು ಪ್ರಯೋಗಕಾಂಡ. ಎಚ್ಚರಿಕೆ ಫಲಕಗಳಿಗೆಂದು ಅಮೆರಿಕನ್ನರು ಮಾಡಿಕೊಂಡಿರುವ ಜೆಡ್ 535 ಎಂಬ ಮಾನದಂಡ ನಮ್ಮ ತಾರ್ಕಿಕರನ್ನೂ ನಾಚಿಸುತ್ತದೆ. ಅದರ ಪ್ರಕಾರ ತಪ್ಪಿಸಿಕೊಳ್ಳದಿದ್ದರೆ ನೀವು ಸಾಯುವುದೋ ತೀವ್ರವಾಗಿ ಗಾಯಗೊಳ್ಳುವುದೋ ಖಚಿತವಿದ್ದಲ್ಲಿ ‘ಡೇಂಜರ್’. ಹಾಗೆ ಆಗಬಹುದು ಎಂಬಲ್ಲಿ ‘ವಾರ್ನಿಂಗ್’. ಮೂಗೇಟಿಗೆ ‘ಕಾಷನ್’. ನಿಮಗೇನೂ ಆಗದೆ ಯಂತ್ರ ಮಾತ್ರ ಹಾಳಾಗುವಂತಿದ್ದರೆ ‘ನೋಟಿಸ್’. ಬದುಕಿಗೂ ಸಾವಿಗೂ ನಡುವೆ ನಿಂತಿರುವುದು ‘ಆಗುತ್ತದೆ’, ‘ಆಗಬಹುದು’ ಎಂಬ ಎರಡು ಕ್ರಿಯಾಪದಗಳಷ್ಟೇ. ವ್ಯಾಕರಣ ಓದದವರ ಗತಿ ಊಹಿಸಿಕೊಳ್ಳಿ. ಈ ಮಾನದಂಡ ಹುಟ್ಟುವ ಮೊದಲೇ ಅಲ್ಲಿನ ಸಿಗರೇಟು ಇದೇ ಏಣಿ ಹತ್ತತೊಡಗಿತ್ತು. 1966ರಲ್ಲಿ ಪ್ಯಾಕಿನ ಮೇಲೆ ‘ಕಾಷನ್’ ಎಂದಿತ್ತು, ಆರೋಗ್ಯಕ್ಕೆ ಕೆಡುಕಾಗಬಹುದೆಂಬ ಸಂಕೋಚದ ಮಾತಿನೊಡನೆ. 1970ರಲ್ಲಿ ‘ವಾರ್ನಿಂಗ್’ ದರ್ಜೆಗೆ ಬಡ್ತಿ ಸಿಕ್ಕಿ ‘ಬಹುದು’ ಬಿದ್ದುಹೋಯಿತು. ‘ಡೇಂಜರ್’ ಹುದ್ದೆ ಮಾತ್ರ ಇನ್ನೂ ದಕ್ಕಿಲ್ಲ.

ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲಿನ ‘ಇನ್‌ಫ್ಲೇಮಬಲ್’ ಬಗ್ಗೆ ಒಂದೇ ಮಾತು. ಮೊದಲಿನ ‘ಇನ್’ ನಿಷೇಧವೆಂದುಕೊಂಡು ಜನ ಬೆಂಕಿಕಡ್ಡಿ ಗೀರಿಯಾರೆಂದು ಅಂಜಿ ಅಗ್ನಿಸುರಕ್ಷತೆಯವರು ಆ ‘ಇನ್’ ಅನ್ನೇ ಕತ್ತರಿಸಿ ಹಾಕಲು ಹೇಳಿದರು. ವ್ಯಾಕರಣವೊಂದು ಅಗ್ನಿಶಾಮಕ ಕೆಲಸಕ್ಕೆ ಇಳಿದ ಅಪರೂಪದ ಪ್ರಸಂಗ.

ಕೊನೆಗೆ ಕರ್ನಾಟಕದಲ್ಲಿ ದಿನವೂ ನಡೆಯುವ ಒಂದು ಶಾಸ್ತ್ರಾಪಚಾರವನ್ನು ಖಂಡಿಸಲೇಬೇಕು. ಭಾರತೀಯ ಹವಾಮಾನ ಇಲಾಖೆಯ ಬಣ್ಣಗಳಲ್ಲಿ ಹಳದಿಗೆ ‘ವಾಚ್’, ಕಿತ್ತಳೆಗೆ ‘ಅಲರ್ಟ್’, ಕೆಂಪಿಗೆ ‘ವಾರ್ನಿಂಗ್’ ಎಂದು ಪದಗಳು ಹಂಚಿಕೆಯಾಗಿವೆ. ಹೀಗಿರಲು ಜೂನ್ ಬಂದೊಡನೆ ಟಿವಿಯವರು ಅರಚುವ ‘ರೆಡ್ ಅಲರ್ಟ್’ ವರ್ಣಸಂಕರವಲ್ಲದೆ ಮತ್ತೇನು? ಈ ದೋಷವನ್ನು ಉಡುಪಿ ಕಡೆಯ ಶಾಲಾ ಬಾಲಕನೊಬ್ಬನಿಗೆ ಸವಿಸ್ತಾರವಾಗಿ ಮನಗಾಣಿಸಿದೆವು. ಕೊಡೆ ಮಡಚುತ್ತಾ ಪೂರ್ತಿ ಕೇಳಿಸಿಕೊಂಡ ಅವನು, ‘ಅದೆಲ್ಲ ಇರ್ಲಿ ಮಾರಾಯ್ರೇ, ನಾಳೆ ರಜೆ ಉಂಟಾ ಇಲ್ವಾ?’ ಎಂದ. ಈ ಪ್ರಶ್ನೆ ಮೀಮಾಂಸೆಯ ವ್ಯಾಪ್ತಿಗೆ ಬರುವುದಿಲ್ಲ, ಜಿಲ್ಲಾಧಿಕಾರಿಗಳನ್ನು ಕೇಳತಕ್ಕದ್ದು.