ಮುದ್ರಕರು, ಪ್ರಕಾಶಕರು ಮತ್ತು ನಾನು

ನನ್ನ ಭಾಮೈದ ಕಾರ್ಪೊರೇಟರ್ ಆಕಾಂಕ್ಷಿ. ಯಾವ ವಾರ್ಡಿಗೆ ಅಂತ ಮಾತ್ರ ಕೇಳಬೇಡಿ. ಬಹಳ ಕಾಲ ಅದು ಸರ್ಕಾರಕ್ಕೇ ಗೊತ್ತಿರಲಿಲ್ಲ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆಗ ಊರಿಗೆಲ್ಲ 198 ವಾರ್ಡು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರು. ಚುನಾವಣೆ ಇನ್ನೇನು ಬಂತು ಅಂತ ಭಾಮೈದ ಪಾಂಪ್ಲೆಟ್ ಹಾಕಿಸಿದ. 2022ರಲ್ಲಿ ವಾರ್ಡು 243 ಆದವು. ನಂಬರು ಬದಲಾಯಿತು, ಹೊಸ ಪಾಂಪ್ಲೆಟ್ ಬಂತು. ಮರುವರ್ಷ 225ಕ್ಕೆ ಇಳಿದವು, ಮತ್ತೊಂದು ಪಾಂಪ್ಲೆಟ್. 2025ರ ಸೆಪ್ಟೆಂಬರ್ 2ಕ್ಕೆ ಪಾಲಿಕೆಯೇ ಐದಾಗಿ ಒಡೆಯಿತು, ಆಮೇಲೆ ವಾರ್ಡುಗಳು 369 ಆದವು. ಭಾಮೈದ ಧೃತಿಗೆಡುವವನಲ್ಲ. ಅವನ ಆರಾಧ್ಯದೈವ ಹೊಟ್ಟೆ ಪಕ್ಷ ರಂಗಸ್ವಾಮಿ. 86 ಚುನಾವಣೆಗಳಿಗೆ ನಿಂತು ಗಿನ್ನೆಸ್ ಪುಸ್ತಕ ಸೇರಿದ ಮಹಾನುಭಾವರು. "ಅವರು ಒಂದರಲ್ಲೂ ಗೆಲ್ಲಲಿಲ್ಲವಲ್ಲೋ" ಅಂದೆ. "ನಿಂತ್ರಲ್ಲ ಭಾವ! ನನಗೆ ನಿಲ್ಲೋಕೂ ಬಿಡ್ತಿಲ್ಲ" ಅಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಅಷ್ಟೂ ಪಾಂಪ್ಲೆಟ್ಟಿನ ಕಟ್ಟುಗಳು ಸುಬ್ರಹ್ಮಣ್ಯಪುರದ ನಮ್ಮ ಮನೆಯ ದಿವಾನದ ಕೆಳಗಿವೆ. ಅವನ ಮನೆಯಲ್ಲಿ ಯಾಕಿಲ್ಲ ಅಂದರೆ ಅಲ್ಲಿ ಈಶಾನ್ಯಕ್ಕೆ ಭಾರ ಇಡಬಾರದಂತೆ. ನಮ್ಮ ಮನೆಗೆ ಈಶಾನ್ಯವೇ ಇಲ್ಲ, ಅಲ್ಲಿ ಪಕ್ಕದವರ ಗೋಡೆ ಇದೆ. ದಿವಾನದ ಮೇಲೆ ಮಲಗುವ ನಮ್ಮಮ್ಮ ಒಂದು ದಿನ, "ಏನೋ, ಈಚೆಗೆ ನನ್ನ ಕಾಲು ನೆಲಕ್ಕೆ ಎಟುಕ್ತಾ ಇಲ್ಲ" ಅಂದಾಗಲೇ ಕಾಗದ ಎಷ್ಟು ಸೇರಿದೆ ಎಂಬ ಅಂದಾಜು ಸಿಕ್ಕಿತು. ರದ್ದಿಯವನನ್ನು ಗುಟ್ಟಾಗಿ ಕರೆಸಿದೆ. ಅವನು ಒಂದು ಹಾಳೆ ಮುಟ್ಟಿ ನೋಡಿ, "ಗ್ಲಾಸಿ ಪೇಪರ್ ಸಾರ್, ರೇಟ್ ಕಮ್ಮಿ" ಅಂದ. ಅಷ್ಟರಲ್ಲಿ ನನ್ನವಳು ಹೊರಗೆ ಬಂದಳು. ರದ್ದಿಯವನು ಹೋದ, ಕಟ್ಟುಗಳು ಉಳಿದವು. ಪಾಂಪ್ಲೆಟ್ಟಿನಲ್ಲಿ ಕೈಮುಗಿದು ನಿಂತಿರುವುದು ಅವಳ ತಮ್ಮ ತಾನೆ.

ಹಾಗಾಗಿ ಇವನ್ನು ಹಂಚುವುದೊಂದೇ ದಾರಿ ಅಂತ ಮನೆಯಲ್ಲಿ ಸಭೆ ಸೇರಿತು. ಭಾಮೈದನ ತಲೆಯಲ್ಲಿ ಉಪಾಯಗಳಿಗೆ ಬರವಿಲ್ಲ. ಮಗಳು ಕಾನೂನು ಓದುತ್ತಿರುವುದರಿಂದ ಅಡ್ಡಿಗಳಿಗೂ ಬರವಿರಲಿಲ್ಲ.

ಪೇಪರಿನೊಳಗೆ ಸೇರಿಸುವುದನ್ನು ಅವನು ಮೊದಲೇ ತಳ್ಳಿಹಾಕಿದ. ಅದು ಎಲ್ಲರೂ ಮಾಡುವ ಕೆಲಸ. ನಸುಕಿನಲ್ಲಿ ಫುಟ್‌ಪಾತಿನ ಮೇಲೆ ಕೂತು ಹುಡುಗರು ಪೇಪರಿನ ಮಡಿಕೆಗೆ ಅದನ್ನು ತೂರಿಸುತ್ತಾರೆ. ಬೆಳಿಗ್ಗೆ ನನ್ನವಳು ಗೇಟಿನ ಹತ್ತಿರವೇ ಪೇಪರನ್ನು ಕೊಡವಿ ಒಳಗೆ ತರುತ್ತಾಳೆ. ಚಿನ್ನದಂಗಡಿ, ನೀಟ್ ಕೋಚಿಂಗ್, ಮಂಡಿನೋವಿನ ಶಿಬಿರ ಎಲ್ಲ ಅಲ್ಲೇ ಉದುರುತ್ತವೆ. ಬೆನ್ನುಕಡೆ ಖಾಲಿ ಇರುವವಕ್ಕೆ ಮಾತ್ರ ದಿನಸಿ ಪಟ್ಟಿಯ ಭಾಗ್ಯ.

"ಕರೆಂಟ್ ಕಂಬಕ್ಕೆ ಅಂಟಿಸೋಣ. ನಮ್ಮ ಕಂಬಗಳ ಮೇಲೆ ಪಿಜಿ, ಮೂಲವ್ಯಾಧಿ, ಮನೆ ಬಾಡಿಗೆ ಎಲ್ಲ ಇಲ್ವಾ?"

"1981ರ ಕಾಯ್ದೆ ಇದೆ ಮಾಮ. ತೆರೆದ ಜಾಗಗಳನ್ನ ವಿರೂಪ ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ."

"ಮೂಲವ್ಯಾಧಿಯವನಿಗೆ?"

"ಅವನಿಗೂ ಅದೇ. ಆದ್ರೆ ಅವನು ವಿಳಾಸ ಹಾಕಿರಲ್ಲ."

ಭಾಮೈದ ಮೇಲಕ್ಕೆ ನೋಡಿದ. ಅವನ ಗೆಳೆಯನ ಹತ್ತಿರ ಮದುವೆ ವಿಡಿಯೊ ತೆಗೆಯುವ ಡ್ರೋನ್ ಇದೆಯಂತೆ. ಅದಕ್ಕೆ ಚೀಲ ಕಟ್ಟಿ ಮೇಲಿಂದ ಸುರಿಸಿದರೆ ಸುಬ್ರಹ್ಮಣ್ಯಪುರ, ಗೌಡನಪಾಳ್ಯ, ಚಿಕ್ಕಲಸಂದ್ರ ಒಂದೇ ಬೆಳಿಗ್ಗೆ ಮುಗಿಯಿತು. ಮಗಳು 2021ರ ಡ್ರೋನ್ ನಿಯಮ ತೆಗೆದಳು. ಡ್ರೋನಿಗೊಂದು ಗುರುತಿನ ಸಂಖ್ಯೆ ಇರಬೇಕು, 250 ಗ್ರಾಂ ಮೀರಿದ್ದನ್ನು ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಕಾದೀತು, ಹಾರಿಸುವ ಮುಂಚೆ ಹಸಿರು, ಹಳದಿ, ಕೆಂಪು ಅಂತ ಆಕಾಶದ ನಕ್ಷೆ ನೋಡಬೇಕು. ಸೈಟಿಗೆ ಎ ಖಾತಾ, ಬಿ ಖಾತಾ ಅಂತ ತಲೆ ಕೆಡಿಸಿಕೊಂಡವನು ನಾನು. ಆಕಾಶಕ್ಕೂ ಖಾತೆ ಇದೆ ಅಂತ ಅವತ್ತು ತಿಳಿಯಿತು.

"ಡ್ರೋನ್ ಬೇಡ ಬಿಡು, ತಾರಸಿ ಸಾಕು. 1929ರಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಅಸೆಂಬ್ಲಿಯಲ್ಲೇ ಮೇಲಿಂದ ಕರಪತ್ರ ತೂರಿರಲಿಲ್ವಾ?"

"ಅವರು ಬಾಂಬೂ ಎಸೆದಿದ್ರು. ಆಮೇಲೆ ಓಡಿಹೋಗ್ದೆ ಅಲ್ಲೇ ನಿಂತು ಅರೆಸ್ಟ್ ಆದ್ರು. ನೀನು ನಿಲ್ತೀಯಾ ಮಾಮ?"

ನಿಲ್ಲಲಿಲ್ಲ. ಪರೀಕ್ಷೆಗೆಂದು ತಾರಸಿಯಿಂದ ಒಂದು ಹಿಡಿ ತೂರಿದವನು, ಗಾಳಿ ಕೆರೆಯ ಕಡೆಯಿಂದ ತಿರುಗಿದ್ದು ಕಂಡು ನನಗಿಂತ ಮೊದಲೇ ಮೆಟ್ಟಿಲಿಳಿದ. ಹಾಳೆಗಳೆಲ್ಲ ಹಿಂದಿನ ಮನೆಯವರು ಒಣಹಾಕಿದ್ದ ಅರಳು ಸಂಡಿಗೆಯ ಮೇಲೆ ಇಳಿದವು. ಸಂಡಿಗೆ ಇನ್ನೂ ಹಸಿ. ಬಿಡಿಸಿ ತೆಗೆದಾಗ ಒಂದೆರಡು ಸಂಡಿಗೆಗೆ 'ನಿಮ್ಮ ಸೇವಕ' ಎಂಬ ಅಕ್ಷರ ತಿರುಗುಮುರುಗಾಗಿ ಅಂಟಿಕೊಂಡಿತ್ತು. ಕ್ಷಮೆ ಕೇಳಲು ಹೋದವನು ನಾನು. ಮನೆಯಾಕೆ, "ಯಾರ ಕಡೆಯವರು ನೀವು?" ಅಂದರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಇರುವುದು ಒಂದು ಕರಿಬೇವಿನ ಗಿಡ.

ಅಮ್ಮನಿಗೂ ಒಂದು ಉಪಾಯ ಹೊಳೆಯಿತು. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಳೆಯ ಕಟ್ಟುಗಳನ್ನೆಲ್ಲ ಕಡಲೆಕಾಯಿಯವರಿಗೆ ಕೊಟ್ಟರೆ ಪೊಟ್ಟಣ ಕಟ್ಟುತ್ತಾರೆ, ಕಾಯಿ ಮುಗಿಯುವವರೆಗೆ ಜನ ಓದುತ್ತಾರೆ. ನನಗೆ ಬಹಳ ಹಿಡಿಸಿತು. ಮಗಳು ಆಹಾರ ಸುರಕ್ಷತೆಯ 2018ರ ಪ್ಯಾಕೇಜಿಂಗ್ ನಿಯಮ ಹೇಳಿದಳು: ನ್ಯೂಸ್‌ಪೇಪರ್, ಅಂಥ ಕಾಗದಗಳಲ್ಲಿ ತಿನ್ನುವ ಪದಾರ್ಥ ಕಟ್ಟುವಂತಿಲ್ಲ. "ಸಿಪ್ಪೆ ಇರುತ್ತಲ್ಲೇ" ಅಂತ ಅಮ್ಮ ವಾದಿಸಿದರು. ಆ ವಾದ ನನಗೆ ಈಗಲೂ ಸರಿ ಅನ್ನಿಸುತ್ತದೆ.

ವಸಂತಪುರದ ವಸಂತವಲ್ಲಭರಾಯನ ಗುಡಿಯ ಪ್ರಸಾದದ ದೊನ್ನೆಯ ಕೆಳಗೆ ಒಂದೊಂದು ಇಟ್ಟರೆ? 1988ರ ಕಾಯ್ದೆ ಪ್ರಕಾರ ಪೂಜಾಸ್ಥಳವನ್ನು ರಾಜಕೀಯಕ್ಕೆ ಬಳಸಿದರೆ ಐದು ವರ್ಷದವರೆಗೆ ಜೈಲು. ವರಮಹಾಲಕ್ಷ್ಮಿಗೆ ತಾಂಬೂಲದ ಚೀಲದಲ್ಲಿ ಬ್ಲೌಸ್ ಪೀಸಿನ ಜೊತೆ? ವೋಟಿಗಾಗಿ ಕೊಟ್ಟದ್ದಾದರೆ ಅದು ಲಂಚ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ವರ್ಷದವರೆಗೆ. ಅದೇ ಊಟ ಹಾಕಿಸಿದರೆ ಜೈಲಿಲ್ಲ, ದಂಡ ಮಾತ್ರ. ಭಾಮೈದ ಕೂಡಲೇ ಬಾಡೂಟದ ಲೆಕ್ಕಕ್ಕೆ ಕೂತ. ನನ್ನವಳು, "ಬಡಿಸೋರು ಯಾರು?" ಅಂದಳು. ಆ ಕಲಮು ಯಾವ ಸಂಹಿತೆಯಲ್ಲೂ ಇಲ್ಲ, ಆದರೂ ಭಾಮೈದ ಲೆಕ್ಕದ ಹಾಳೆ ಮಡಚಿದ.

ನಾನೇ ಸ್ವಂತ ಖರ್ಚಿನಲ್ಲಿ ಜೆರಾಕ್ಸ್ ಮಾಡಿಸಿ ಹಂಚುತ್ತೇನೆ ಅಂತ ಔದಾರ್ಯ ತೋರಿಸಿದೆ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವನ ಪ್ರಚಾರಕ್ಕೆ ದುಡ್ಡು ಖರ್ಚು ಮಾಡುವುದೂ ಅಪರಾಧವಂತೆ. ಹತ್ತು ರೂಪಾಯಿ ಮೀರದ ಖರ್ಚಾದರೆ ಮಾತ್ರ ಹತ್ತು ದಿನದೊಳಗೆ ಒಪ್ಪಿಗೆ ಪಡೆದು ಪಾರಾಗಬಹುದು. ನಮ್ಮ ಬೀದಿಯಲ್ಲಿ ಜೆರಾಕ್ಸಿಗೆ ಎರಡು ರೂಪಾಯಿ. ಅಂದರೆ ಐದು ಹಾಳೆಯಷ್ಟು ದೇಶಸೇವೆಗೆ ಕಾನೂನು ನನ್ನನ್ನು ನಂಬಿದೆ.

ಕೊನೆಗೆ ಹೊಸ ವಾರ್ಡಿನ ಹೆಸರಲ್ಲಿ ಹೊಸ ಪಾಂಪ್ಲೆಟ್ಟನ್ನೇ ಹಾಕಿಸಲು ಪ್ರೆಸ್ಸಿಗೆ ಹೋದೆವು. ಪ್ರೆಸ್ಸಿನವರು ಮೊದಲು ಕೈಗಿಟ್ಟದ್ದು ಒಂದು ಫಾರಂ. ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರದ ಮುಖದ ಮೇಲೇ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಪ್ರಕಾಶಕ ಎರಡು ಪ್ರತಿಯಲ್ಲಿ ಘೋಷಣೆ ಬರೆದುಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಸಾವಿರದವರೆಗೆ ದಂಡ, ಇಲ್ಲ ಎರಡೂ. "ಅದು ವಿಧಾನಸಭೆ, ಲೋಕಸಭೆಗೆ ಅಂಕಲ್. ಪಾಲಿಕೆಯದನ್ನ ನಡೆಸೋದು ರಾಜ್ಯ ಚುನಾವಣಾ ಆಯೋಗ" ಅಂದಳು ಮಗಳು. "ಯಾವ ಎಲೆಕ್ಷನ್ ಆದ್ರೂ ನನಗೆ ಇದೇ ಫಾರಮ್ಮಾ. ಸೀಲ್ ಬೀಳೋದು ನನ್ನ ಮಿಷನ್ನಿಗೆ" ಅಂದರು ಅವರು.

"ಪ್ರಕಾಶಕರು ನೀವೇ ಆಗಿ ಭಾವ. ಗಣ್ಯರೊಬ್ಬರ ಹೆಸರಿದ್ರೆ ತೂಕ" ಅಂದ ಭಾಮೈದ. ಗಣ್ಯ ಅಂದಮೇಲೆ ನಾನು ಪೆನ್ನು ತೆಗೆದೆ. ಆಮೇಲೆ ಕೆಳಗಿನ ಸಾಲು ಓದಿದೆ. ಪ್ರಕಾಶಕನನ್ನು ಖುದ್ದಾಗಿ ಬಲ್ಲ ಇಬ್ಬರು ದೃಢೀಕರಿಸಬೇಕು.

ಮಗಳು ಹುಟ್ಟುವ ಮುಂಚಿನಿಂದ ನಾನು ಸುಬ್ರಹ್ಮಣ್ಯಪುರದಲ್ಲಿದ್ದೇನೆ. ಸಂಡಿಗೆಯ ಮನೆಯವರನ್ನು ಕೇಳುವಂತಿರಲಿಲ್ಲ. ಎದುರು ಮನೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಟೀಚರಮ್ಮನ ಯಜಮಾನ್ರಲ್ವಾ? ಹೆಸರು ಏನಂದ್ರಿ?" ಅಂದರು. ಹಾಲಿನ ಬೂತಿನವನಿಗೆ ನನ್ನ ಪರಿಚಯ ಚೆನ್ನಾಗಿಯೇ ಇತ್ತು: "ಎರಡು ನೀಲಿ ಪ್ಯಾಕೆಟ್, ಒಂದು ಮೊಸರು ಸಾರ್ ತಾನೆ?" ಆ ಹೆಸರಲ್ಲಿ ಪ್ರಕಾಶಕನಾಗಲು ಬರುವುದಿಲ್ಲವಂತೆ. ಸಂಜೆ ನನ್ನವಳು ಎರಡು ಫೋನ್ ಮಾಡಿದಳು. ಅವಳ ಹತ್ತಿರ ಗಣಿತ ಕಲಿತ ಹಾರ್ಡ್‌ವೇರ್ ಅಂಗಡಿಯವನೂ ಟೈಲರನೂ ಬಂದು, ನನ್ನನ್ನು ಖುದ್ದಾಗಿ ಬಲ್ಲೆವೆಂದು ಅವಳ ಮುಖ ನೋಡಿಕೊಂಡು ಸಹಿ ಹಾಕಿದರು.

ಹಂಚುವುದಕ್ಕೆ ಭಾಮೈದ ಅವಳ ಟ್ಯೂಷನ್ ಮಕ್ಕಳ ಮೇಲೆ ಕಣ್ಣಿಟ್ಟಿದ್ದ. ಮಕ್ಕಳನ್ನು ಪ್ರಚಾರಕ್ಕೆ ಹಚ್ಚಬಾರದೆಂದು 2024ರ ಫೆಬ್ರವರಿಯಲ್ಲಿ ಭಾರತದ ಚುನಾವಣಾ ಆಯೋಗ ಪಕ್ಷಗಳಿಗೆಲ್ಲ ಕಟ್ಟುನಿಟ್ಟಾಗಿ ಹೇಳಿದೆ. ಹಾಗಾಗಿ ಅವಳೇ ವಾಕಿಂಗ್ ಶೂ ಹಾಕಿ ಹೊರಟಳು. ಚೀಲ ಹೊತ್ತವನು ನಾನು. ನನ್ನನ್ನು ಡೆಲಿವರಿಯವನೆಂದು ರಿಜಿಸ್ಟರಿನಲ್ಲಿ ಬರೆಸಿಕೊಂಡ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಅವಳನ್ನು ಕಂಡು ಗೇಟು ತೆಗೆದ. ಪ್ರತಿ ಬಾಗಿಲಲ್ಲೂ ಮಗನ ಮಾರ್ಕ್ಸು, ಸೊಸೆಯ ಬಾಣಂತನ, ನಡುವೆ ಒಂದು ಪಾಂಪ್ಲೆಟ್. ಯಾರೂ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಬೆಲ್ಲು ಬಡಿದುಕೊಳ್ಳತೊಡಗಿತು. ಮೊದಲು ಬಂದವರ ಮನೆಗೆ ಕಾವೇರಿ ನೀರು ಬಂದಿರಲಿಲ್ಲ. ಅವರ ಹಿಂದೆ ಚರಂಡಿ ಕಟ್ಟಿಕೊಂಡವರು. ಆಮೇಲೆ ಬೀದಿನಾಯಿ, ಕಸದ ಆಟೊ, ಉರಿಯದ ದೀಪ. ಎಲ್ಲರ ಕೈಯಲ್ಲೂ ಪಾಂಪ್ಲೆಟ್. ಭಾಮೈದನ ಫೋಟೊ, ಅವನ ಹತ್ತು ಭರವಸೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರೂ ಓದಿದ್ದು ತೀರಾ ಕೆಳಗಿನ ಒಂದು ಸಾಲು. ಕಾನೂನಿನ ಬಲವಂತಕ್ಕೆ ಅಚ್ಚಾದದ್ದು, ಇಡೀ ಹಾಳೆಯಲ್ಲಿ ಹುಡುಕಿಕೊಂಡು ಹೋದರೆ ಮನುಷ್ಯ ಸಿಕ್ಕುವ ಸಾಲು ಅದೊಂದೇ. ನಾನು ದಿನಸಿ ಪುಸ್ತಕದ ಹಿಂಬದಿಯಲ್ಲಿ ದೂರು ಬರೆದುಕೊಳ್ಳುತ್ತ ಕೂತೆ. "ಪ್ರಕಾಶಕ ಸಾರ್" ಅಂತ ಜನ ಕರೆಯತೊಡಗಿದರು. ಪರವಾಗಿಲ್ಲ, ನೀಲಿ ಪ್ಯಾಕೆಟ್ಟಿಗಿಂತ ಬಡ್ತಿ.

ಭಾಮೈದನಿಗೆ ಅಸೂಯೆಯಾಯಿತು. "ಮುಂದಿನ ಪ್ರಿಂಟಲ್ಲಿ ಆ ಸಾಲನ್ನ ಸಣ್ಣಕ್ಷರದಲ್ಲಿ ಹಾಕ್ಸೋಣ ಭಾವ" ಅಂದ. ನನಗೂ ಬೆಲ್ಲು ಸಾಕಾಗಿತ್ತು. "ಸಣ್ಣಕ್ಷರ ಯಾಕೆ, ನಿಮ್ಮಕ್ಕನ ಹೆಸರೇ ಹಾಕ್ಸು. ಬಂದವರೆಲ್ಲ ಅವಳನ್ನೇ ಕೇಳ್ಕೊಂಡು ಬರ್ಲಿ" ಅಂದೆ.

ಅಡುಗೆಮನೆಯಿಂದ ನನ್ನವಳು ತಲೆ ಹಾಕಿದಳು. "ಹಾಕ್ಸಿ. ಆದ್ರೆ ಒಂದು ಮಾತು ರೀ. ನನ್ನ ಹೆಸರಿದ್ರೆ ಜನ ವೋಟನ್ನೂ ನನಗೇ ಹಾಕ್ತಾರೆ. ಆಮೇಲೆ ಅಕ್ಕ ಕೆಡಿಸಿದ್ಳು ಅಂತ ಇವನು ಅಳಬಾರದು."