ಏರಿ ದಾಟುವ ಮುಹೂರ್ತ

ಶ್ರೀಪತಿರಾಯರಿಗೆ ಪಂಚಾಂಗದಲ್ಲಿ ನಂಬಿಕೆಯಿಲ್ಲ. ಮಗಳ ಮದುವೆಗೆ ರಾಹುಕಾಲ ನೋಡಲಿಲ್ಲವೆಂದು ಬೀಗರಿಂದ ಮಾತು ಕೇಳಿದವರು. ಆದರೆ ಸಿಂಗಪುರದ ವುಡ್‌ಲ್ಯಾಂಡ್ಸ್ ಗೇಟು ದಾಟಿ ಮಲೇಷ್ಯಾದ ಜೋಹೋರ್ ಬಾರುಗೆ ಕಾರು ಹೊರಡಿಸಬೇಕೆಂದರೆ ಗಳಿಗೆ, ವಿಗಳಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಡುವೆ ಇರುವುದು ಒಂದು ಕಿಲೋಮೀಟರಿಗೆ ಕೊಂಚ ಮೀರಿದ ಕಾಸ್‌ವೇ. 1924ರಿಂದ ಇದೆ. ಅದನ್ನು ಸೇತುವೆ ಎಂದರೆ ರಾಯರು ತಿದ್ದುತ್ತಾರೆ: “ಸೇತುವೆ ಅಲ್ಲ ಸಾರ್, ಕಡಲಿಗೆ ಕಲ್ಲು ಸುರಿದು ಕಟ್ಟಿದ್ದು. ನಮ್ಮೂರ ಕೆರೆ ಏರಿ ಇದ್ದ ಹಾಗೆ.” ಕಾಲುನಡಿಗೆಯ ಲೆಕ್ಕದಲ್ಲಿ ಕಾಲು ಗಂಟೆಯ ದಾರಿ. ಶಾಲೆಗೆ ರಜಾ ಕೊಟ್ಟ ಶುಕ್ರವಾರ ಸಂಜೆ, ಕಾರಿನಲ್ಲಾದರೆ, ಮೂರು ಗಂಟೆಯೂ ಆದೀತು. ಆದರೂ ಜನ ಹೋಗುತ್ತಾರೆ. ಒಂದು ಸಿಂಗಪುರ ಡಾಲರಿಗೆ ಮೂರು ರಿಂಗಿಟ್ಟಿಗೂ ಹೆಚ್ಚು ಸಿಗುವಾಗ ಕ್ಷೌರದಿಂದ ಹಿಡಿದು ಕಾರು ತೊಳೆಸುವವರೆಗೆ ಎಲ್ಲವೂ ಆಚೆ ದಡದಲ್ಲೇ ಚೆನ್ನ.

ರಾಯರ ಬಳಿ ಉದ್ದನೆಯ ಒಂದು ಲೆಕ್ಕದ ಪುಸ್ತಕವಿದೆ. ತಾರೀಖು, ಮನೆ ಬಿಟ್ಟ ಹೊತ್ತು, ಗೇಟು ದಾಟಿದ ಹೊತ್ತು, ಕೊನೆಗೆ ಷರಾ. ಷರಾದಲ್ಲಿ “ಟೂರ್ ಬಸ್ಸು 4”, “ಎಡಗಡೆ ಸಾಲು ದಂಡ”, “ಸರೋಜ ಚಪ್ಪಲಿ ಹುಡುಕಿದ್ದರಿಂದ 6 ನಿಮಿಷ ಲುಕ್ಸಾನು” ಎಂದೆಲ್ಲ ಇರುತ್ತದೆ. ಜೋಹೋರಿನಲ್ಲಿ 2014ರಿಂದ ಶುಕ್ರವಾರ, ಶನಿವಾರ ವಾರದ ರಜೆ ಇತ್ತು. ರಾಯರ ಭಾನುವಾರದ ಸಿದ್ಧಾಂತವೆಲ್ಲ ಅದರ ಮೇಲೇ ನಿಂತಿತ್ತು. 2025ರ ಜನವರಿ 1ರಿಂದ ಅವರೂ ಶನಿವಾರ, ಭಾನುವಾರಕ್ಕೆ ಮರಳಿದರು. ರಾಯರು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಹೊಸ ಪುಸ್ತಕ ತಂದು ಮೊದಲ ಪುಟಕ್ಕೆ ಅರಿಶಿನ ಹಚ್ಚಿದರು. ಪಂಚಾಂಗದಲ್ಲಿ ನಂಬಿಕೆಯಿಲ್ಲ, ಅದು ನೆನಪಿರಲಿ.

ಒಮ್ಮೆ ನನ್ನನ್ನೂ ಕರೆದರು. “ಶನಿವಾರ, ನಾಲ್ಕೂ ನಲವತ್ತು. ನಲವತ್ತೈದು ಅಂದ್ರೆ ಕೆಟ್ಟೆವು.” ಯಿಶುನ್‌ನ ನಮ್ಮ ಬ್ಲಾಕಿನ ಕೆಳಗೆ ಕತ್ತಲಲ್ಲಿ ಕಾರು ಗುರುಗುಡುತ್ತಿತ್ತು. ಹಿಂದಿನ ಸೀಟಿನಲ್ಲಿ ರಾಯರ ಹೆಂಡತಿ ಸರೋಜಮ್ಮ, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ರಾಯರ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ. ಸಿಂಗಪುರದ ಕಾರು ಗಡಿ ದಾಟಬೇಕಾದರೆ ಟ್ಯಾಂಕು ಮುಕ್ಕಾಲಾದರೂ ತುಂಬಿರಬೇಕು. ಆಚೆಯ ಅಗ್ಗದ ಪೆಟ್ರೋಲಿಗೆಂದೇ ಓಡಬಾರದು ಅಂತ ಕಾನೂನು, ತಪ್ಪಿದರೆ 500 ಡಾಲರ್‌ವರೆಗೆ ದಂಡ. ರಾಯರ ಮುಳ್ಳು ಮುಕ್ಕಾಲಿಗಿಂತ ಒಂದು ಕೂದಲೆಳೆ ಮೇಲಿತ್ತು. ಅದಕ್ಕಿಂತ ಜಾಸ್ತಿ ತುಂಬಿಸುವುದು ಅವರ ಪ್ರಕಾರ ದುಂದು, ಕಮ್ಮಿ ತುಂಬಿಸುವುದು ಅಪರಾಧ. ಏರು ಬಂದಾಗಲೆಲ್ಲ ಮುಳ್ಳು ಅಲುಗುತ್ತಿತ್ತು, ರಾಯರ ಜೀವವೂ ಅಲುಗುತ್ತಿತ್ತು.

“ತುಆಸ್ ಕಡೆಯಿಂದ ಹೋಗಬಹುದಿತ್ತಲ್ಲ ರಾಯರೇ? 1998ರಿಂದ ಎರಡನೇ ದಾರಿ ಇದೆ” ಎಂದೆ.

“ಅದು ಧೈರ್ಯ ಇಲ್ಲದವರ ದಾರಿ.”

ಗೇಟಿನಲ್ಲಿ ಕ್ಯೂಆರ್ ಕೋಡ್ ತೋರಿಸಿದರಾಯಿತು. 2024ರ ಮಾರ್ಚಿನಿಂದ ಪಾಸ್‌ಪೋರ್ಟ್ ಚಾಚುವ ಕೆಲಸವೂ ಇಲ್ಲ. ರಾಯರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. “ಎಲ್ಲರಿಗೂ ಸಲೀಸು ಮಾಡಿಬಿಟ್ರೆ ಕಲಿತವನಿಗೆ ಏನು ಬೆಲೆ?” ಎದುರು ದಿಕ್ಕಿನಲ್ಲಿ ಆ ಹೊತ್ತಿಗೇ ಮೋಟಾರ್ ಬೈಕುಗಳ ಹೊಳೆ. ಜೋಹೋರಿನಿಂದ ಸಿಂಗಪುರದ ಕೆಲಸಕ್ಕೆ ಬರುವವರು, ಎದೆಗೆ ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟವರು. ಅವರಿಗೆ ಮುಹೂರ್ತ ಆರಿಸುವ ಭಾಗ್ಯವಿಲ್ಲ.

ನಮ್ಮ ಸಾಲು ಮಾತ್ರ ರಾಯರು ಅಂದುಕೊಂಡಷ್ಟು ಚಿಕ್ಕದಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಅಷ್ಟರಲ್ಲಿ ಪಕ್ಕದ ಕಾರಿನ ಗಾಜು ಇಳಿಯಿತು: “ನಮಸ್ಕಾರ ರಾಯರೇ! ನೀವು ಹೇಳಿದ್ದು ಸರಿ, ನಾಲ್ಕೂ ನಲವತ್ತಕ್ಕೇ ಬಿಟ್ವಿ!” ಅದರ ಮುಂದಿನ ಕಾರಿನಿಂದಲೂ ಒಂದು ಕೈ ಬೀಸಿತು. ಯುಗಾದಿ ಊಟದ ಪಂಕ್ತಿಯಲ್ಲಿ ರಾಯರು ಒಬ್ಬೊಬ್ಬರ ಕಿವಿಗೂ “ನಿಮಗೆ ಮಾತ್ರ ಹೇಳ್ತಿದೀನಿ” ಎಂದು ಉಸುರಿದ್ದರಂತೆ.

ಹಾಗಿದ್ದೂ ಆರು ಗಂಟೆಗೆಲ್ಲ ಆಚೆ ದಡ ಸೇರಿದೆವು. ರಾಯರು ಗಡಿಯಾರ ನೋಡಿ ಪುಸ್ತಕ ತೆಗೆದರು. ಜೋಹೋರ್ ಬಾರುವಿನ ಮಾಲುಗಳು ಬಾಗಿಲು ತೆರೆಯುವುದು ಹತ್ತಕ್ಕೆ. ನಾಲ್ಕು ಗಂಟೆ ಕಾಲ ಪಾರ್ಕಿಂಗಿನಲ್ಲಿ ಕೂತು ಚಿತ್ರಾನ್ನ ತಿಂದು, ಥರ್ಮಾಸಿನ ಕಾಫಿ ಮುಗಿಸಿ, ಸರದಿಯ ಮೇಲೆ ತೂಕಡಿಸಿದೆವು. ಹತ್ತಾಯಿತು. ಸರೋಜಮ್ಮ ಚೀಲ ಹಿಡಿದು ಇಳಿದರು.

“ಅರ್ಧ ಗಂಟೆ ಕಣೇ. ಹತ್ತೂವರೆಗೆ ವಾಪಸು ಹೊರಟ್ರೆ ಸರಿ, ಆಮೇಲೆ ಜಾಮು.”

“ರೀ, ಹದಿನೆಂಟು ಸಲ ಬಂದಿದೀನಿ. ಈ ಊರಲ್ಲಿ ಪಾರ್ಕಿಂಗ್ ಬಿಟ್ಟು ಇನ್ನೇನಿದೆ ಅಂತ ಒಂದ್ಸಲ ನೋಡ್ಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಟ್ಟರು. ಬಂದದ್ದು ಒಂದೂವರೆಗೆ, ಕೈಯಲ್ಲಿ ಸೌದೆ ಒಲೆಯಲ್ಲಿ ಬೆಂದ ಬನಾನಾ ಕೇಕು. ಇನ್ನೂ ಬೆಚ್ಚಗಿತ್ತು. ಷರಾ ಅಂಕಣದಲ್ಲಿ ಅದಕ್ಕೆ ಜಾಗ ಸಾಲದೆ ರಾಯರು ಅಂಚಿನಲ್ಲಿ ಅಡ್ಡಡ್ಡ ಬರೆದರು.

ಈಗ ರೈಲು ಬರಲಿದೆ. ವುಡ್‌ಲ್ಯಾಂಡ್ಸ್ ನಾರ್ತ್‌ನಿಂದ ಬುಕಿತ್ ಚಗರಿಗೆ ಸುಮಾರು ಐದು ನಿಮಿಷ, ಎರಡೂ ದೇಶದ ತಪಾಸಣೆ ಹತ್ತುವ ಕಡೆಯೇ ಮುಗಿಯುತ್ತದೆ. ಸುದ್ದಿ ಓದಿ ಹೇಳಿದಾಗ ರಾಯರ ಮುಖ ಇಳಿಯಿತು. ಲಿಫ್ಟು ಬರುವವರೆಗೂ ಸುಮ್ಮನಿದ್ದರು. ಬಾಗಿಲು ಮುಚ್ಚುವ ಹೊತ್ತಿಗೆ ಕೈ ಅಡ್ಡ ಹಿಡಿದು ಕೇಳಿದರು: “ಬುಕಿತ್ ಚಗರಲ್ಲಿ ಎಸ್ಕಲೇಟರ್ ಎದುರಿಗೆ ಎಷ್ಟನೇ ಬೋಗಿ ನಿಲ್ಲುತ್ತಂತೆ?”