ಹದಿನಾರು ಸರ್ವರ್‌ಗಳ ಪೆಟ್ಟಿಗೆಗೆ ವಿಳಾಸ ಕೊಡುವ ವಿಧಾನ

ಈ ಕೈಪಿಡಿ ಯಾರಿಗೆ

ಡೆಲ್ ಪವರ್‌ಎಡ್ಜ್ ಎಂ1000ಇ ಎಂಬ ಬ್ಲೇಡ್ ಚಾಸಿಯನ್ನು ರ್ಯಾಕಿಗೆ ಏರಿಸಿ, ಸೊಂಟ ಹಿಡಿದುಕೊಂಡು ನಿಂತಿರುವವರಿಗೆ. 2008ರಲ್ಲಿ ಮಾರುಕಟ್ಟೆಗೆ ಬಂದ ಈ ಪೆಟ್ಟಿಗೆ ರ್ಯಾಕಿನಲ್ಲಿ ಹತ್ತು ಯೂನಿಟ್ ಜಾಗ ನುಂಗುತ್ತದೆ. ಬ್ಲೇಡ್ ಎಂಬ ಹದಿನಾರು ತೆಳು ಸರ್ವರ್, ಆರು ಪವರ್ ಸಪ್ಲೈ, ಒಂಬತ್ತು ಫ್ಯಾನ್, ಬೆನ್ನಿಗೆ ಆರು ಸ್ವಿಚ್ ತುಂಬಿದರೆ ತೂಕ ನೂರೈವತ್ತು ಕೆಜಿ ದಾಟುತ್ತದೆ. ಈ ಇಡೀ ಸಂಸಾರವನ್ನು ತೂಗಿಸುವುದು ಹಿಂಬದಿಯಲ್ಲಿರುವ ಸಿಎಂಸಿ ಎಂಬ ಸಣ್ಣ ಕಾರ್ಡು. ಯಾವ ಬ್ಲೇಡಿಗೆ ಎಷ್ಟು ಕರೆಂಟು, ಯಾವ ಫ್ಯಾನಿಗೆ ಎಷ್ಟು ವೇಗ, ಮಲಗಿದ ಸರ್ವರನ್ನು ದೂರದಿಂದ ಎಬ್ಬಿಸುವುದು ಹೇಗೆ, ಎಲ್ಲವೂ ಅದರ ಹೊಣೆ. ಆ ಕಾರ್ಡಿಗೆ ನೀವು ಒಂದು ಐಪಿ ವಿಳಾಸ ಕೊಡಬೇಕು. ಕಂಪನಿಯ ಕೈಪಿಡಿಯಲ್ಲಿ ಇದು ಕೆಲವೇ ಪುಟದ ಮಾತು. ಬರೆದವರ ಆಫೀಸಿನಲ್ಲಿ ನೆಟ್‌ವರ್ಕ್ ಟೀಮ್ ಎಂಬುದು ಇರಲಿಲ್ಲವೆಂದು ಕಾಣುತ್ತದೆ.

ಬೇಕಾಗುವ ಸಾಮಗ್ರಿ

ಲ್ಯಾಪ್‌ಟಾಪ್, ಕೇಬಲ್, ಸ್ವೆಟರ್. ಜೊತೆಗೆ ವಿಳಾಸಗಳು. ಸಿಎಂಸಿಗೆ 1, ಪ್ರತಿ ಬ್ಲೇಡಿನೊಳಗೆ ಕೂತು ಅದನ್ನು ದೂರದಿಂದ ನಿಭಾಯಿಸಲು ಬಿಡುವ ಐಡ್ರ್ಯಾಕ್ ಎಂಬ ಚಿಪ್ಪಿಗೆ ಒಂದೊಂದರಂತೆ 16, ಸ್ವಿಚ್‌ಗಳಿಗೆ 6, ಒಟ್ಟು 23. ಎರಡನೆಯ ಸಿಎಂಸಿ ಕಾರ್ಡು ಹಾಕಿದ್ದರೂ ಅದಕ್ಕೆ ಬೇರೆ ವಿಳಾಸ ಕೇಳಬೇಡಿ. ಮೊದಲನೆಯದು ಕೈಕೊಟ್ಟಾಗ ಅದರ ವಿಳಾಸವೇ ಇದಕ್ಕೆ ಬರುತ್ತದೆ.

ಹದಿನಾರು ಐಡ್ರ್ಯಾಕ್‌ಗಳಿಗೆ ಒಂದೊಂದಾಗಿ ಟೈಪ್ ಮಾಡಬೇಕಿಲ್ಲ. ಕ್ವಿಕ್ ಡಿಪ್ಲಾಯ್ ಎಂಬ ಸೌಲಭ್ಯಕ್ಕೆ ಮೊದಲ ವಿಳಾಸ ತಿಳಿಸಿದರೆ ಸಾಕು, ಉಳಿದ ಸ್ಲಾಟುಗಳಿಗೆ ಒಂದೊಂದೇ ಅಂಕಿ ಏರಿಸುತ್ತಾ ತಾನೇ ಹಂಚುತ್ತದೆ. ಷರತ್ತು ಒಂದೇ: ವಿಳಾಸಗಳು ಸಾಲಾಗಿ ಖಾಲಿ ಇರಬೇಕು. ಈ ಷರತ್ತನ್ನು ನೆಟ್‌ವರ್ಕ್ ಟೀಮಿನವರ ಮುಂದೆ ಇಡುವ ಮೊದಲು ಅವರಿಗೆ ಕಾಫಿ ಕೊಡಿಸಿ.

"ಇಪ್ಪತ್ಮೂರಾ? ಚಾಸಿ ಒಂದೇ ಅಲ್ವಾ ಗುರು?"

"ಒಳಗೆ ಹದಿನಾರು ಇದಾವಪ್ಪಾ."

"ಕೊಡೋಣ ಬಿಡು. ಅಲ್ಲೊಂದು ಇಲ್ಲೊಂದು ಇದೆ."

"ಸಾಲಾಗಿ ಬೇಕಿತ್ತು."

"ಸಾಲಾಗಿ ಅಂದ್ರೆ ಏಪ್ರಿಲ್ ಮೇಲೆ ನೋಡೋಣ."

ಅವರ ಮೇಲೆ ಸಿಟ್ಟಾಗಬೇಡಿ. ಅವರ ಬಳಿ ಇರುವುದು ಒಂದು ಎಕ್ಸೆಲ್ ಶೀಟು. ಅದರಲ್ಲಿ 'ಯಾರದ್ದು' ಎಂಬ ಕಾಲಮಿನ ಅರ್ಧ ಹೆಸರುಗಳು ಕೆಲಸ ಬಿಟ್ಟು ಹೋದವರವು. ಕೆಲವು ಸಾಲುಗಳಿಗೆ ಹಳದಿ ಬಣ್ಣ ಬಳಿದಿದೆ, ಯಾಕೆಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಪಿಂಗ್ ಮಾಡಿ ಉತ್ತರ ಬರಲಿಲ್ಲವೆಂದು ಆ ವಿಳಾಸ ಖಾಲಿಯೆಂದು ತಿಳಿಯಬೇಡಿ. ಅದರ ಯಜಮಾನ ಆಫ್ ಆಗಿರಬಹುದು, ಇಲ್ಲವೇ ಪಿಂಗಿಗೆ ಓಗೊಡದಂತೆ ಯಾರೋ ಅವನಿಗೆ ಹೇಳಿಟ್ಟಿರಬಹುದು.

ಕೇಬಲ್ ಜೋಡಿಸುವುದು

ಸಿಎಂಸಿ ಕಾರ್ಡಿನಲ್ಲಿ ಅಕ್ಕಪಕ್ಕ ಎರಡು ಪೋರ್ಟುಗಳಿವೆ. ನೋಟಕ್ಕೆ ಅವಳಿ. ಒಂದರ ಮೇಲೆ ಜಿಬಿ ಎಂದೂ ಇನ್ನೊಂದರ ಮೇಲೆ ಎಸ್‌ಟಿಕೆ ಎಂದೂ ಬರೆದಿದೆ. ಜಿಬಿಯನ್ನು ಮ್ಯಾನೇಜ್‌ಮೆಂಟ್ ನೆಟ್‌ವರ್ಕಿಗೆ ಜೋಡಿಸಿ. ಎಸ್‌ಟಿಕೆ ಇರುವುದು ಪಕ್ಕದ ಚಾಸಿಯ ಜಿಬಿಗೆ ಸರಪಳಿ ಎಳೆಯಲು ಮಾತ್ರ.

ಎಚ್ಚರಿಕೆ: ನೀವು ಬುದ್ಧಿವಂತರು. ಎರಡು ಪೋರ್ಟು ಕಂಡಾಗ ಬುದ್ಧಿವಂತರಿಗೆ ಹೊಳೆಯುವುದು ಒಂದೇ: ಒಂದು ಕೇಬಲ್ ಹೋದರೆ ಇನ್ನೊಂದಿರಲಿ, ಎರಡನ್ನೂ ಸ್ವಿಚ್ಚಿಗೇ ಹಾಕೋಣ. ಹಾಗೆ ಮಾಡಿದರೆ ನೆಟ್‌ವರ್ಕಿನೊಳಗೆ ಒಂದು ಸುತ್ತು ಕಟ್ಟಿಕೊಂಡು, ಎಲ್ಲರಿಗೂ ಕೂಗಿ ಹೇಳುವ ಪ್ಯಾಕೆಟ್‌ಗಳು ಅದರಲ್ಲಿ ಸುತ್ತುತ್ತಾ, ಸುತ್ತಿದಷ್ಟೂ ಹೆಚ್ಚುತ್ತಾ, ಕೊನೆಗೆ ಬೇರೆ ಯಾರ ಮಾತಿಗೂ ಜಾಗ ಉಳಿಯುವುದಿಲ್ಲ. ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಎನ್ನುತ್ತಾರೆ. ಡೆಲ್‌ನ ಕೈಪಿಡಿಯಲ್ಲಿ ಈ ಎಚ್ಚರಿಕೆ ಸ್ಪಷ್ಟವಾಗಿಯೇ ಇದೆ. ಎಲ್ಲರೂ ಅದನ್ನು ಓದುತ್ತಾರೆ, ಆದರೆ ಸ್ಟಾರ್ಮ್ ನಿಂತ ಮೇಲೆ.

ವಿಳಾಸ ತುಂಬುವುದು

ಮುಂಭಾಗದ ಪುಟ್ಟ ಎಲ್‌ಸಿಡಿ ಪರದೆ ಮೊದಲು ನಿಮ್ಮ ಭಾಷೆ ಯಾವುದೆಂದು ಕೇಳುತ್ತದೆ. ಕನ್ನಡ ಹುಡುಕಬೇಡಿ. ಬಳಿಕ ವೇಗ, ಬಳಿಕ ಕೇಳಿದವರಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಪಡೆಯುವುದೋ ಸ್ಥಿರ ವಿಳಾಸವೋ ಎಂಬ ಪ್ರಶ್ನೆ. ಸ್ಥಿರವನ್ನೇ ಆರಿಸಿ. ಯಾಕೆಂದು ಮುಂದೆ ತಿಳಿಯುತ್ತದೆ. ಬಾಣದ ಬಟನ್‌ಗಳನ್ನು ಒತ್ತುತ್ತಾ ಅಂಕಿಗಳನ್ನು ಏರಿಸಿ ಇಳಿಸಿ. 247 ತಲುಪಬೇಕಾದಾಗ 248ಕ್ಕೆ ಹೋಗುವುದು ಸಹಜ.

ಈ ಕಾರ್ಡಿನ ಹುಟ್ಟು ವಿಳಾಸ 192.168.0.120. ಅದನ್ನೇ ಉಳಿಸಿಕೊಳ್ಳುವ ಸೋಮಾರಿತನ ಬೇಡ. 1996ರ ನಿಯಮದಂತೆ 192.168 ಎಂದು ಶುರುವಾಗುವ ವಿಳಾಸಗಳು ಯಾರ ಸೊತ್ತೂ ಅಲ್ಲ, ಆದ್ದರಿಂದ ನಿಮ್ಮ ಮನೆಯ ವೈಫೈ ಪೆಟ್ಟಿಗೆಯೂ ಬಹುಶಃ ಅದನ್ನೇ ಬಳಸುತ್ತಿದೆ. ರಾತ್ರಿ ಮನೆಯಿಂದ ವಿಪಿಎನ್ ಹಾಕಿ ಚಾಸಿಯನ್ನು ಕರೆದರೆ ಲ್ಯಾಪ್‌ಟಾಪು ಅದನ್ನು ನಿಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಹಿಂದೆ ಹುಡುಕುವ ಸಾಧ್ಯತೆ ಉಂಟು.

ಹುಟ್ಟು ಬಳಕೆದಾರ ರೂಟ್, ಹುಟ್ಟು ಪಾಸ್‌ವರ್ಡ್ ಕ್ಯಾಲ್ವಿನ್. ಇದು ಗುಟ್ಟಲ್ಲ, ಜಗತ್ತಿಗೇ ಗೊತ್ತು. ಎಲ್ಲ ಉಪಕರಣಕ್ಕೂ ಒಂದೇ ಪಾಸ್‌ವರ್ಡ್ ಕೊಟ್ಟು ಮಾರುವ ಈ ಪದ್ಧತಿಯನ್ನು ತಡೆಯಲು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. 2020ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಬದಲಾಯಿಸಿ.

ಬದಲಾಯಿಸಿದ್ದನ್ನು ಎಲ್ಲಿಡುವುದು

ಈ ಅಧ್ಯಾಯ ಕಂಪನಿಯ ಕೈಪಿಡಿಯಲ್ಲಿಲ್ಲ. ಹೊಸ ಪಾಸ್‌ವರ್ಡನ್ನು ಆಫೀಸಿನ ಪಾಸ್‌ವರ್ಡ್ ವಾಲ್ಟ್‌ನಲ್ಲಿ ಹಾಕಿ ಎನ್ನುತ್ತಾರೆ. ಹಾಕುವ ಮೊದಲು ಆ ವಾಲ್ಟ್ ಯಾವ ಸರ್ವರಿನಲ್ಲಿದೆ ಎಂದು ಕೇಳಿ. ಆ ಎಕ್ಸೆಲ್ ಶೀಟು ಯಾವ ಫೈಲ್ ಸರ್ವರಿನಲ್ಲಿದೆ, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಲ್ಲಿದೆ, ಡಿಎಚ್‌ಸಿಪಿ ಎಲ್ಲಿದೆ ಎಂದೂ ಕೇಳಿ. ಮೂರನೆಯ ಸ್ಲಾಟಿನ ಬ್ಲೇಡಿನಲ್ಲಿ ಎಂಬ ಉತ್ತರ ಬಂದರೆ, ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇದೆ ಎಂದರ್ಥ. ಚಾಸಿ ಮಲಗಿದ ದಿನ ಅದನ್ನು ಎಬ್ಬಿಸುವ ವಿಳಾಸವೂ ಪಾಸ್‌ವರ್ಡೂ ಅದರ ಜೊತೆಗೇ ಮಲಗಿರುತ್ತವೆ. ಸಿಎಂಸಿಯ ಕೇಬಲನ್ನು ಅದೇ ಚಾಸಿಯ ಬೆನ್ನಿನಲ್ಲಿರುವ ಸ್ವಿಚ್ಚಿಗೆ ಹಾಕಿದವರೂ ಇದ್ದಾರೆ. ಉದ್ದೇಶ ಒಳ್ಳೆಯದೇ, ಹತ್ತಿರವಿತ್ತು.

ಇದು ಸಣ್ಣ ಆಫೀಸುಗಳ ಕಥೆ ಮಾತ್ರ ಎನ್ನಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ಕಣ್ಣು ಮುಚ್ಚಿ ಸುಮಾರು ಆರು ಗಂಟೆ ಏಳಲಿಲ್ಲ. ಶುರುವಾದದ್ದು ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ. ಅದು ಡೇಟಾ ಸೆಂಟರುಗಳನ್ನು ಬೆಸೆದಿದ್ದ ಜಾಲವನ್ನೇ ಬಿಚ್ಚಿತು, ಡಿಎನ್‌ಎಸ್ ಹೋಯಿತು, ಡಿಎನ್‌ಎಸ್ ಜೊತೆ ದುರಸ್ತಿಯ ಸಲಕರಣೆಗಳೂ ಹೋದವು. ಇಂಥ ದಿನಕ್ಕೆಂದೇ ಇರುವ ಪ್ರತ್ಯೇಕ ದಾರಿಯೂ ಆ ದಿನ ಕೆಲಸ ಮಾಡಲಿಲ್ಲವೆಂದು ಕಂಪನಿಯೇ ಹೇಳಿಕೊಂಡಿತು. ಕೊನೆಗೆ ಮನುಷ್ಯರು ಡೇಟಾ ಸೆಂಟರಿಗೆ ಹೋಗಬೇಕಾಯಿತು.

ಆದ್ದರಿಂದ ವಿಳಾಸ ಸ್ಥಿರವಿರಲಿ, ಸ್ವಿಚ್ಚು ಬೇರೆಯಿರಲಿ, 23 ವಿಳಾಸಗಳ ಪಟ್ಟಿ ಕಾಗದದಲ್ಲಿ ಪ್ರಿಂಟಾಗಿ ರ್ಯಾಕಿನ ಬಾಗಿಲ ಒಳಮೈಗೆ ಅಂಟಿರಲಿ. ಪಾಸ್‌ವರ್ಡನ್ನು ಅಲ್ಲಿ ಅಂಟಿಸಬೇಡಿ. ಲಕೋಟೆಯಲ್ಲಿಟ್ಟು ಮೊಹರು ಹಾಕಿ, ಬೀಗವಿರುವ ಕಬ್ಬಿಣದ ಬೀರುವಿನಲ್ಲಿಡಿ. ಆಡಿಟ್‌ನವರು ನಗುತ್ತಾರೆ. ನಗಲಿ.

ಪರೀಕ್ಷೆ

ಆಫೀಸಿನ ಮುಖ್ಯ ನೆಟ್‌ವರ್ಕ್ ಕೇಬಲನ್ನು ಕಿತ್ತು, ಆಗಲೂ ಸಿಎಂಸಿಗೆ ಲಾಗಿನ್ ಆಗುತ್ತದೆಯೇ ನೋಡಿ. ಇದಕ್ಕೆ ಅನುಮತಿ ಬೇಕು, ಟಿಕೆಟ್ ಹಾಕಿ. ಟಿಕೆಟ್ ಫಾರಂನಲ್ಲಿ 'ವ್ಯವಹಾರದ ಮೇಲೆ ಆಗುವ ಪರಿಣಾಮ' ಎಂಬ ಖಾನೆಯಿದೆ. ಅದರಲ್ಲಿ ಪ್ರಾಮಾಣಿಕವಾಗಿ 'ಎಲ್ಲವೂ ನಿಲ್ಲುತ್ತದೆ' ಎಂದು ತುಂಬಿ, ಮ್ಯಾನೇಜರ್ ಸಾರ್ ಕರೆ ಮಾಡುವವರೆಗೆ ಫ್ಯಾನ್ ಬದಲಿಸುವ ವಿಧಾನದ ಅಧ್ಯಾಯವನ್ನು ಓದುತ್ತಾ ಕುಳಿತಿರಿ.